ಕಂಬಳದ ಸಮಯಕ್ಕೆ ವೇಗಾಂಕ: ಕುದುರೆ ರೇಸಿನ ಲೆಕ್ಕಗಳಲ್ಲಿ ನಮ್ಮ ಕರೆಗೆ ಹೊಂದುವುದು ಯಾವುದು?

2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕರೆಯಲ್ಲಿ, ಅಂದರೆ ಕಂಬಳದ ಕೆಸರಿನ ಓಟದ ಹಾದಿಯಲ್ಲಿ, ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಮರುವರ್ಷ ಕಕ್ಯಪದವಿನಲ್ಲಿ 125 ಮೀಟರಿಗೆ 11.21 ಸೆಕೆಂಡು. ಎರಡನ್ನೂ ನೂರು ಮೀಟರಿಗೆ ಇಳಿಸಿದರೆ ಮೊದಲನೆಯದು 9.56, ಎರಡನೆಯದು 8.97. ಪತ್ರಿಕೆಗಳಲ್ಲಿ ಬಂದದ್ದು 9.55 ಮತ್ತು 8.96. ಮೂರನೆಯ ಅಂಕಿಯನ್ನು ದುಂಡಗೆ ಮಾಡದೆ ಬಿಟ್ಟಿದ್ದಾರೆ, ಅಷ್ಟೇ.

ಹಾಗಾದರೆ ಒಂದೇ ವರ್ಷದಲ್ಲಿ ವೇಗ ಶೇಕಡ 6.6ರಷ್ಟು ಜಾಸ್ತಿಯಾಯಿತಾ? ಇಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಕರೆ ಬೇರೆ, ನೀರು ಬೇರೆ, ಕೆಸರು ಬೇರೆ, ಉದ್ದ ಬೇರೆ. ಇದರಲ್ಲಿ ಕೋಣದ ಪಾಲೆಷ್ಟು, ಓಟಗಾರನ ಪಾಲೆಷ್ಟು, ಕರೆಯ ಪಾಲೆಷ್ಟು ಎಂದು ಬಿಡಿಸಿ ನೋಡುವ ಲೆಕ್ಕ ಬೇಕು.

ಕುದುರೆ ರೇಸಿನವರು ಈ ಕೆಲಸವನ್ನು ಹಲವು ದಶಕಗಳಿಂದ ಮಾಡುತ್ತಿದ್ದಾರೆ. ಅದಕ್ಕೆ ಅವರು ಸ್ಪೀಡ್ ಫಿಗರ್ ಎನ್ನುತ್ತಾರೆ. ಇಲ್ಲಿ ವೇಗಾಂಕ ಎನ್ನೋಣ. ಅವರಿಗೆ ಅದು ಬೇಕಾದದ್ದು ಬಾಜಿಗೆ. ನಮಗೆ ಅದರ ಗೊಡವೆ ಬೇಡ. ತಮ್ಮ ಕೋಣಗಳ ಜೋಡಿ ಸುಧಾರಿಸುತ್ತಿದೆಯಾ, ದಣಿಯುತ್ತಿದೆಯಾ ಎಂದು ಯಜಮಾನರಿಗೆ ತಿಳಿಯಬೇಕು. ಮೂಡಬಿದಿರೆಯಲ್ಲಿ ಗೆದ್ದ ಜೋಡಿ ಮತ್ತು ಮಿಯ್ಯಾರಿನಲ್ಲಿ ಗೆದ್ದ ಜೋಡಿ ಎದುರಾದರೆ ಏನಾದೀತು ಎಂದು ಅಭಿಮಾನಿಗಳಿಗೆ ಕುತೂಹಲ. ಅದಕ್ಕೆ ಒಂದು ನೋಟ್‌ಬುಕ್, ಇಲ್ಲವೇ ಮೊಬೈಲ್‌ನಲ್ಲಿ ಗೂಗಲ್ ಶೀಟ್ಸ್ ಸಾಕು.

ಮೊದಲು ಪುಸ್ತಕ ಸರಿಯಾಗಲಿ

ಪ್ರತಿ ಓಟಕ್ಕೂ ಇಷ್ಟು ಬರೆದಿಡಿ: ತಾರೀಕು, ಯಾವ ಕಂಬಳ, ಜೋಡುಕರೆಯಲ್ಲಿ ಯಾವ ಕರೆ, ವಿಭಾಗ, ಯಾವ ಸುತ್ತು, ಯಜಮಾನರ ಹೆಸರು ಮತ್ತು ಒಬ್ಬರದೇ ಎರಡು ಜೋಡಿ ಇದ್ದರೆ ಅದರ ಪಕ್ಕದ ಎ ಅಥವಾ ಬಿ, ಓಡಿಸಿದವರು, ಸಮಯ, ಓಟ ನಡೆದ ಹೊತ್ತು.

ಜೋಡುಕರೆಯಲ್ಲಿ ಯಾವುದು ಎನ್ನುವುದನ್ನು ಬಿಡಬೇಡಿ. ಕೋಟಿ-ಚೆನ್ನಯ, ಲವ-ಕುಶ, ಸೂರ್ಯ-ಚಂದ್ರ, ಸತ್ಯ-ಧರ್ಮ ಎಂದು ನಮ್ಮಲ್ಲಿ ಎರಡೂ ಕರೆಗಳಿಗೆ ಹೆಸರಿದೆ. ಬರೆಯುವುದೂ ಸುಲಭ. ಪಕ್ಕಪಕ್ಕದಲ್ಲೇ ಇದ್ದರೂ ಎರಡೂ ಒಂದೇ ಸಮನಾಗಿರುತ್ತವೆ ಎಂದೇನಿಲ್ಲ. ಒಂದರಲ್ಲಿ ಬೆರಳಗಲ ನೀರು ಜಾಸ್ತಿ ಇದ್ದರೂ ಓಟದ ಮೇಲೆ ಪರಿಣಾಮ ಆಗುತ್ತದೆ.

ಹೊತ್ತನ್ನೂ ಬರೆಯಿರಿ. ಶನಿವಾರ ಬೆಳಿಗ್ಗೆ ಶುರುವಾದ ಕಂಬಳ ಭಾನುವಾರದವರೆಗೂ ನಡೆಯುತ್ತದೆ. ಅಷ್ಟರಲ್ಲಿ ನೂರಾರು ಜೋಡಿಗಳ ಗೊರಸು ಬಿದ್ದು ಕೆಸರು ಹದ ಬದಲಾಗಿರುತ್ತದೆ. ಬೆಳಗಿನ ಕರೆಯೇ ಬೇರೆ, ನಡುರಾತ್ರಿಯ ಸೆಮಿಫೈನಲ್‌ನ ಕರೆಯೇ ಬೇರೆ.

ಕನೆಹಲಗೆ ವಿಭಾಗವನ್ನು ಈ ಪುಸ್ತಕಕ್ಕೆ ತರಬೇಡಿ. ಅಲ್ಲಿ ನೋಡುವುದು ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ಹಾರಿತಾ ಎಂದು, ಸಮಯವನ್ನಲ್ಲ. ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ವಿಭಾಗಗಳಿಗೆ ಬೇರೆಬೇರೆ ಪುಟ ಇರಲಿ. ಹಿರಿಯ, ಕಿರಿಯ ಕೋಣಗಳ ಓಟ ಕೂಡ ಬೇರೆ. ಲೇಸರ್ ಕಿರಣದಲ್ಲಿ ಅಳೆದ ಸಮಯದ ಜೊತೆ ಕೈಗಡಿಯಾರದ ಸಮಯವನ್ನು ಬೆರೆಸಬೇಡಿ. ಅಥ್ಲೆಟಿಕ್ಸ್‌ನಲ್ಲಿ ನೂರು ಮೀಟರಿನ ಕೈಗಡಿಯಾರದ ಸಮಯಕ್ಕೆ 0.24 ಸೆಕೆಂಡು ಸೇರಿಸಿ ಹೋಲಿಸುವ ರೂಢಿ ಇದೆ. ಪಿಸ್ತೂಲಿನ ಹೊಗೆಯೋ ಸದ್ದೋ ಗೊತ್ತಾಗಿ ಬೆರಳು ಒತ್ತುವಷ್ಟರಲ್ಲಿ ಅಷ್ಟು ಹೊತ್ತು ಕಳೆದಿರುತ್ತದೆ. ಕಂಬಳದಲ್ಲಿ ಎಷ್ಟೋ ಸಲ ಫೈನಲ್ ಇದಕ್ಕಿಂತ ಕಡಿಮೆ ಅಂತರದಲ್ಲಿ ತೀರ್ಮಾನ ಆಗುತ್ತದೆ.

ಇನ್ನೊಂದು ವಿಷಯ. ಗಡಿಯಾರ ಯಾವಾಗ ಶುರುವಾಗುತ್ತದೆ ಎಂದು ಅಲ್ಲಿನವರನ್ನು ಕೇಳಿ. ಕೋಣಗಳು ಗಂತಿನಿಂದ (ಓಟ ಶುರುವಾಗುವ ಜಾಗ) ಹೊರಟ ಕ್ಷಣದಲ್ಲೋ, ಒಂದಷ್ಟು ದೂರ ಬಂದು ಕಿರಣ ದಾಟಿದಾಗಲೋ? ಅಮೆರಿಕದ ರೇಸ್‌ಕೋರ್ಸ್‌ಗಳಲ್ಲಿ ಈ ತೊಡಕು ಹಳೆಯದು. ಅಲ್ಲಿ ಗೇಟಿನಿಂದ ಹೊರಟ ಕುದುರೆ ಸ್ವಲ್ಪ ದೂರ ಓಡಿದ ಮೇಲೆಯೇ ಗಡಿಯಾರ ಶುರು. ಆ ದೂರ ಕೋರ್ಸಿನಿಂದ ಕೋರ್ಸಿಗೆ ಬೇರೆ. ಹೀಗಾಗಿ ಹೆಸರಿಗೆ ಒಂದೇ ದೂರವಾದರೂ ಸಮಯ ಹೊಂದುವುದಿಲ್ಲ.

ಒಂದನೆಯ ವಿಧಾನ: ನೂರು ಮೀಟರಿಗೆ ಇಳಿಸುವುದು

ಸಮಯವನ್ನು ಮೀಟರಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಓಡಾಡುವುದೆಲ್ಲ ಇದೇ. ಸುಲಭ, ಆದರೆ ಎಲ್ಲಕ್ಕಿಂತ ದುರ್ಬಲ.

ಯಾಕೆಂದರೆ ಈ ಲೆಕ್ಕಕ್ಕೆ ಉದ್ದ ಮಾತ್ರ ಗೊತ್ತು. ನಿಂತಲ್ಲಿಂದ ಹೊರಟ ಜೋಡಿಗೆ ವೇಗ ಹಿಡಿಯಲು ಒಂದಿಷ್ಟು ಹೊತ್ತು ಬೇಕು. ಆ ಹೊತ್ತು ಉದ್ದ ಕರೆಯಲ್ಲಿ ಹಂಚಿಹೋಗುತ್ತದೆ, ಗಿಡ್ಡ ಕರೆಯಲ್ಲಿ ಎದ್ದು ಕಾಣುತ್ತದೆ. ಅದರ ಪ್ರಕಾರ ಉದ್ದ ಕರೆಯಲ್ಲೇ ಒಳ್ಳೆಯ ಅಂಕಿ ಬರಬೇಕಿತ್ತು. ಐಕಳ ಮತ್ತು ಕಕ್ಯಪದವಿನ ಅಂಕಿಗಳಲ್ಲಿ ಆಗಿದ್ದು ತಿರುಗಾಮುರುಗಾ. ಉದ್ದದ ಆಚೆಗೆ ಬೇರೇನೋ ಕೆಲಸ ಮಾಡಿದೆ ಅಂತಾಯಿತು, ಅಲ್ವಾ? ಆ ಬೇರೇನೋ ಈ ವಿಧಾನದ ಕಣ್ಣಿಗೆ ಬೀಳುವುದೇ ಇಲ್ಲ.

ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ರ ಜೊತೆ ಹೋಲಿಸುವುದಂತೂ ಎರಡು ಆಟಗಳಿಗೂ ನ್ಯಾಯ ಅಲ್ಲ. ಬೋಲ್ಟ್ ಒಬ್ಬನೇ ಓಡುತ್ತಾನೆ. ನಮ್ಮ ಓಟಗಾರ ಎರಡು ಕೋಣಗಳ ಓಟಕ್ಕೆ ಹೆಜ್ಜೆ ಕೂಡಿಸಿ, ಕೆಸರಿನಲ್ಲಿ ಬೀಳದೆ, ಕರೆಯ ಕೊನೆಯ ಮಂಜೊಟ್ಟಿಯವರೆಗೆ ಹಿಡಿತ ಬಿಡದೆ ಓಡಬೇಕು. ಅದು ಬೇರೆಯೇ ವಿದ್ಯೆ.

ಎರಡನೆಯ ವಿಧಾನ: ಕರೆಯ ದಾಖಲೆಗೆ ಹೋಲಿಸುವುದು

ಅಮೆರಿಕದ ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯ ಹಳೆಯ ಪದ್ಧತಿ ಇದು. ಆ ಕೋರ್ಸಿನಲ್ಲಿ ಆ ದೂರಕ್ಕೆ ಹಿಂದಿನ ಮೂರು ವರ್ಷದ ಅತ್ಯುತ್ತಮ ಸಮಯಕ್ಕೆ 100 ಅಂಕ. ಅದಕ್ಕಿಂತ ಸೆಕೆಂಡಿನ ಐದನೇ ಒಂದು ಭಾಗ ತಡವಾದರೆ ಒಂದು ಅಂಕ ಕಡಿತ.

ನಾವು ಮಾಡುವುದಾದರೆ ಐದನೇ ಒಂದು ಭಾಗ ತೀರಾ ದೊಡ್ಡದು. ಕಕ್ಯಪದವಿನ ಆ ಓಟದ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಅಂದರೆ 0.20 ಸೆಕೆಂಡಿಗೆ ಎರಡು ಮೀಟರಿಗಿಂತ ಹೆಚ್ಚು. ಅರ್ಧ ಮೀಟರಿಗೊಂದು ಅಂಕ ಬೇಕೆಂದರೆ 0.05 ಸೆಕೆಂಡು ಹಿಡಿಯಿರಿ.

ಒಂದು ಕರೆಯ ಒಳಗೆ ಹೋಲಿಸಲು ಇದು ಪರವಾಗಿಲ್ಲ. ಎರಡು ಕರೆಗಳ ನಡುವೆ ಹೋಲಿಸಲು ಹೊರಟರೆ ಕೈಕೊಡುತ್ತದೆ. ಒಂದು ಕಡೆಯ ದಾಖಲೆ ಒಬ್ಬ ಅಸಾಧ್ಯ ಓಟಗಾರನದ್ದು, ಇನ್ನೊಂದು ಕಡೆಯದು ಸಾಧಾರಣ ಜೋಡಿಯದ್ದು ಎಂದಿಟ್ಟುಕೊಳ್ಳಿ. ಮೊದಲ ಕರೆಯಲ್ಲಿ ಓಡಿದ ಎಲ್ಲರ ಅಂಕವೂ ಸುಮ್ನೆ ಕೆಳಗೆ ಹೋಗುತ್ತದೆ. ಒಂದೇ ಓಟದ ಮೇಲೆ ಇಡೀ ಅಳತೆ ನಿಲ್ಲಿಸಬಾರದು.

ಮೂರನೆಯ ವಿಧಾನ: ಪಾರ್ ಸಮಯ

ದಾಖಲೆಯ ಬದಲು, ಆ ಕರೆಯಲ್ಲಿ ಆ ವಿಭಾಗಕ್ಕೆ ಸಾಮಾನ್ಯವಾಗಿ ಬರುವ ಒಳ್ಳೆಯ ಸಮಯವನ್ನು ಅಳತೆಯಾಗಿ ಇಟ್ಟುಕೊಳ್ಳುವುದು. ಕುದುರೆಗಳಲ್ಲಿ ಪ್ರತಿ ದರ್ಜೆಗೂ ಪ್ರತಿ ದೂರಕ್ಕೂ ಗೆದ್ದವರ ಸಮಯ ತೆಗೆದು ಪಾರ್ ಕಟ್ಟುತ್ತಾರೆ. ನಮ್ಮಲ್ಲಿ ಹಗ್ಗ ಹಿರಿಯದ ಸೆಮಿಫೈನಲ್‌ಗೆ ಬಂದ ಜೋಡಿಗಳ ಸಮಯಗಳನ್ನು ಎರಡು-ಮೂರು ಸೀಸನ್‌ಗಳಿಂದ ಒಟ್ಟು ಮಾಡಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು ತೆಗೆಯಿರಿ. ಅದೇ ಆ ಕರೆಯ ಪಾರ್. ಕರೆಯನ್ನು ಉದ್ದ ಮಾಡಿದ್ದರೆ, ಹೊಸದಾಗಿ ಹದ ಮಾಡಿದ್ದರೆ ಹಳೆಯ ಪಾರ್ ಬಿಟ್ಟು ಹೊಸದು ಶುರುಮಾಡಬೇಕು.

ಈಗ ಸೆಕೆಂಡಿನ ಬದಲು ಶೇಕಡದಲ್ಲಿ ಲೆಕ್ಕ ಹಾಕಿ. ಗಿಡ್ಡ ಕರೆಯಲ್ಲಿ 0.10 ಸೆಕೆಂಡಿನ ಬೆಲೆ ಜಾಸ್ತಿ, ಉದ್ದ ಕರೆಯಲ್ಲಿ ಕಡಿಮೆ. ಅಮೆರಿಕದ ರೇಸ್ ಅಂಕಣಕಾರ ಆಂಡ್ರ್ಯೂ ಬೇಯರ್ 1970ರ ದಶಕದಲ್ಲಿ ಜನಪ್ರಿಯ ಮಾಡಿದ, 1992ರಿಂದ ಡೈಲಿ ರೇಸಿಂಗ್ ಫಾರ್ಮ್‌ನಲ್ಲಿ ಅಚ್ಚಾಗುತ್ತಿರುವ ವೇಗಾಂಕದ ಹಿಂದೆಯೂ ಇದೇ ವಿಚಾರ ಇದೆ. ನಾನು ಬಳಸುವ ಸೂತ್ರ ಇದು:

ವೇಗಾಂಕ = 100 + 1000 × (ಪಾರ್ + ದಿನದ ವ್ಯತ್ಯಾಸ − ಓಡಿದ ಸಮಯ) ÷ ಪಾರ್

ಪಾರ್‌ಗಿಂತ ಶೇಕಡ 1 ಚುರುಕಾದರೆ 110, ಶೇಕಡ 1 ನಿಧಾನವಾದರೆ 90. ನಡುವೆ ಇರುವ ದಿನದ ವ್ಯತ್ಯಾಸವೇ ಈ ಇಡೀ ಲೆಕ್ಕದ ಜೀವ. ಉಳಿದದ್ದೆಲ್ಲ ಕೂಡು-ಕಳೆ.

ದಿನದ ವ್ಯತ್ಯಾಸ: ಇಲ್ಲಿ ನಿಧಾನವಾಗಿ ಹೋಗಿ

ಇವತ್ತು ಕರೆ ಎಷ್ಟು ನಿಧಾನ, ಎಷ್ಟು ಚುರುಕು? ಇದನ್ನು ಕಂಡುಹಿಡಿಯಲು ಎರಡು ದಾರಿ.

ಮೊದಲನೆಯದು, ಆ ದಿನದ ಎಲ್ಲ ಓಟಗಳನ್ನೂ ಪಾರ್‌ಗೆ ಹೋಲಿಸಿ ಸರಾಸರಿ ತೆಗೆಯುವುದು. ಹತ್ತು ಓಟಗಳಲ್ಲಿ ಸರಾಸರಿ 0.15 ಸೆಕೆಂಡು ತಡವಾಗಿದ್ದರೆ ಕರೆ ಅಷ್ಟು ಭಾರ ಎಂದು ಅರ್ಥ. ಆದರೆ ಇದರಲ್ಲಿ ಒಂದು ತೂತು ಇದೆ. ಆ ವಾರ ದೊಡ್ಡ ಜೋಡಿಗಳು ಬರಲೇ ಇಲ್ಲ, ಸಾಧಾರಣ ಜೋಡಿಗಳೇ ಓಡಿದವು ಎಂದಾದರೆ? ಕರೆ ಚೆನ್ನಾಗಿಯೇ ಇದ್ದರೂ ಭಾರ ಎಂದು ಲೆಕ್ಕ ಹೇಳುತ್ತದೆ. ಬಂದವರಿಗೆಲ್ಲ ಬಿಟ್ಟಿ ಅಂಕ ಸಿಗುತ್ತದೆ.

ಎರಡನೆಯದು, ಗೊತ್ತಿರುವ ಜೋಡಿಗಳನ್ನೇ ಅಳತೆಗೋಲು ಮಾಡಿಕೊಳ್ಳುವುದು. ಈ ಜೋಡಿ ಹಿಂದಿನ ವಾರಗಳಲ್ಲಿ ಇಷ್ಟು ವೇಗಾಂಕದಲ್ಲಿ ಓಡುತ್ತಿತ್ತು, ಅದರಂತೆ ಇಲ್ಲಿ ಇಷ್ಟು ಸಮಯ ಬರಬೇಕಿತ್ತು, ಬಂದದ್ದು ಇಷ್ಟು. ನಡುವಿನ ಅಂತರ ಕರೆಯದ್ದು. ಕುದುರೆ ರೇಸಿನಲ್ಲಿ ಇದನ್ನು ಪ್ರೊಜೆಕ್ಷನ್ ಎನ್ನುತ್ತಾರೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಅಂಕಿಗಳು ಲೆಕ್ಕ ತೋರಿಸಲು ಹಾಕಿದವು. ಕರೆಯ ಪಾರ್ 12.00 ಸೆಕೆಂಡು. ಐದು ಪರಿಚಿತ ಜೋಡಿಗಳು.

ಜೋಡಿ ಅ: ಹಿಂದಿನ ವೇಗಾಂಕ 112, ಬರಬೇಕಾದದ್ದು 11.86, ಬಂದದ್ದು 12.05, ಅಂತರ 0.19
ಜೋಡಿ ಆ: 104, ಬರಬೇಕಾದದ್ದು 11.95, ಬಂದದ್ದು 12.10, ಅಂತರ 0.15
ಜೋಡಿ ಇ: 98, ಬರಬೇಕಾದದ್ದು 12.02, ಬಂದದ್ದು 12.25, ಅಂತರ 0.23
ಜೋಡಿ ಈ: 120, ಬರಬೇಕಾದದ್ದು 11.76, ಬಂದದ್ದು 11.93, ಅಂತರ 0.17
ಜೋಡಿ ಉ: 101, ಬರಬೇಕಾದದ್ದು 11.99, ಬಂದದ್ದು 12.71, ಅಂತರ 0.72

ಬರಬೇಕಾದ ಸಮಯ ತೆಗೆಯುವುದು ಹೀಗೆ: ವೇಗಾಂಕ 112 ಎಂದರೆ ಪಾರ್‌ಗಿಂತ ಶೇಕಡ 1.2 ಚುರುಕು. 12.00ರಲ್ಲಿ ಶೇಕಡ 1.2 ಎಂದರೆ 0.14. ಕಳೆದರೆ 11.86.

ಉ ಜೋಡಿಯನ್ನು ನೋಡಿ. ಏನೋ ಆಗಿದೆ. ಕೋಣ ಬದಿಗೆ ಎಳೆದಿರಬಹುದು, ಓಟಗಾರ ಜಾರಿರಬಹುದು. ಐದರ ಸರಾಸರಿ ತೆಗೆದರೆ 0.29 ಬರುತ್ತದೆ. ಸಾಲಾಗಿ ಇಟ್ಟು ಮಧ್ಯಾಂಕ ತೆಗೆದರೆ 0.19. ಇವೆರಡರಲ್ಲಿ ಯಾವುದನ್ನು ಹಿಡಿಯುತ್ತೀರಿ ಎನ್ನುವುದರ ಮೇಲೆ ನಾಲ್ಕನೆಯ ಸಾಲಿನ 'ಈ' ಜೋಡಿಯ ಅಂಕ ಎಷ್ಟು ಬದಲಾಗುತ್ತದೆ ಗೊತ್ತಾ? ಮಧ್ಯಾಂಕದಲ್ಲಿ 12.00 + 0.19 − 11.93 = 0.26, ವೇಗಾಂಕ 122. ಸರಾಸರಿಯಲ್ಲಿ 0.36, ವೇಗಾಂಕ 130. ಬೇರೆ ಯಾರೋ ಜಾರಿದ್ದಕ್ಕೆ ಇವರಿಗೆ ಎಂಟು ಅಂಕದ ಬಹುಮಾನ! ಅದಕ್ಕೇ ಮಧ್ಯಾಂಕವನ್ನೇ ಬಳಸಿ. ಗೂಗಲ್ ಶೀಟ್ಸ್‌ನಲ್ಲಿ ಮೀಡಿಯನ್ ಎಂಬ ಫಾರ್ಮುಲಾ ಇದೆ. ಬೆರಳಲ್ಲಿ ಎಣಿಸಿದರೂ ಆಗುತ್ತದೆ.

ಮಧ್ಯಾಂಕ 0.19 ಹಿಡಿದರೆ ಉಳಿದವರದ್ದು: ಅ 112, ಆ 108, ಇ 95, ಉ 57. ಅ ಜೋಡಿ ಪಾರ್‌ಗಿಂತ ತಡವಾಗಿ ಓಡಿದೆ, ಆದರೂ ತನ್ನ ಮಟ್ಟದಲ್ಲೇ ಇದೆ. ಬರೀ ಸೆಕೆಂಡು ನೋಡಿದವರು ಅ ಜೋಡಿ ಇಳಿದಿದೆ ಎಂದು ಹೇಳಿಬಿಡುತ್ತಿದ್ದರು.

ಪ್ರತಿ ಕರೆಗೆ ಐದಾದರೂ ಪರಿಚಿತ ಜೋಡಿಗಳಿದ್ದರೆ ಎರಡೂ ಕರೆಗಳಿಗೆ ಬೇರೆಬೇರೆ ವ್ಯತ್ಯಾಸ ತೆಗೆಯಿರಿ. ಹಾಗೆಯೇ ಹಗಲಿಗೊಂದು, ರಾತ್ರಿಗೊಂದು. ನಡುವೆ ನೀರು ಬಿಟ್ಟರೆ ಅಲ್ಲಿಂದ ಹೊಸ ಲೆಕ್ಕ. ರೇಸ್‌ಕೋರ್ಸಿನಲ್ಲಿ ನಡುವೆ ಮಳೆ ಬಂದರೆ ಅವರೂ ದಿನವನ್ನು ಎರಡಾಗಿ ಒಡೆಯುತ್ತಾರೆ. ಪರಿಚಿತ ಜೋಡಿಗಳು ಎರಡೋ ಮೂರೋ ಮಾತ್ರ ಇದ್ದರೆ ತುಂಬಾ ಒಡೆಯಬೇಡಿ. ಆಗ ಎರಡೂ ದಾರಿಯಲ್ಲಿ ವ್ಯತ್ಯಾಸ ತೆಗೆದು ಅವುಗಳ ನಡುವಿನದನ್ನು ಹಿಡಿಯಿರಿ.

ಕಂಬಳಕ್ಕೆ ಪ್ರೊಜೆಕ್ಷನ್ ಯಾಕೆ ಹೇಳಿ ಮಾಡಿಸಿದ್ದು

ಕುದುರೆ ಒಂದು ಓಟ ಓಡಿದರೆ ಮತ್ತೆ ಕಾಣಿಸಿಕೊಳ್ಳಲು ವಾರಗಳೇ ಬೇಕು. ನಮ್ಮಲ್ಲಿ ಹಾಗಲ್ಲ. ನವೆಂಬರ್ ಆಸುಪಾಸಿನಿಂದ ಬೇಸಿಗೆಯವರೆಗೆ ವಾರವಾರವೂ ಕಂಬಳ. ಮೂಡಬಿದಿರೆಯಲ್ಲಿ ಕಂಡ ಜೋಡಿಯೇ ಮಂಗಳೂರಿನ ರಾಮ-ಲಕ್ಷ್ಮಣ ಕರೆಯಲ್ಲೂ ಇರುತ್ತದೆ, ಪುತ್ತೂರಿನಲ್ಲೂ ಇರುತ್ತದೆ. ಒಂದೇ ಕಂಬಳದಲ್ಲಿ ಗೆಲ್ಲುತ್ತಾ ಹೋದ ಜೋಡಿ ಹಲವು ಸಲ ಓಡುತ್ತದೆ. ಇಷ್ಟು ಚೆನ್ನಾಗಿ ಒಂದಕ್ಕೊಂದು ಹೆಣೆದುಕೊಂಡ ಮಾಹಿತಿ ರೇಸಿನವರಿಗೂ ಸುಲಭಕ್ಕೆ ಸಿಗುವುದಿಲ್ಲ. ಪಾರ್ ವಿಧಾನ ಇದನ್ನು ಬಳಸದೆ ಬಿಡುತ್ತದೆ.

ಸೀಸನ್‌ನ ಮೊದಲ ಕಂಬಳದಲ್ಲಿ ಹಳೆಯ ವೇಗಾಂಕ ಇರುವುದಿಲ್ಲ. ಅಲ್ಲಿ ಪಾರ್ ದಾರಿಯಿಂದಲೇ ಶುರುಮಾಡಿ. ಮೂರು-ನಾಲ್ಕು ಕಂಬಳ ಕಳೆದ ಮೇಲೆ ಹಿಂದಕ್ಕೆ ಹೋಗಿ, ಈಗ ಗೊತ್ತಿರುವ ವೇಗಾಂಕಗಳಿಂದ ಮೊದಲ ವಾರಗಳ ವ್ಯತ್ಯಾಸವನ್ನು ತಿದ್ದಿ. ಹಳೆಯ ಅಂಕಗಳು ಒಂದಿಷ್ಟು ಅಲುಗಾಡುತ್ತವೆ. ಎರಡು ಸುತ್ತು ಹೀಗೆ ಮಾಡಿದರೆ ನೆಲೆಗೆ ನಿಲ್ಲುತ್ತವೆ.

ಈ ವಿಧಾನಕ್ಕೂ ಒಂದು ಕುಂದು ಇದೆ. ಜನವರಿಯ ಹೊತ್ತಿಗೆ ಎಲ್ಲ ಜೋಡಿಗಳೂ ಒಟ್ಟಿಗೇ ಚುರುಕಾದರೆ, ಆ ಸುಧಾರಣೆಯನ್ನು ಲೆಕ್ಕ ಕರೆಯ ಖಾತೆಗೆ ಹಾಕಿಬಿಡುತ್ತದೆ. ಕರೆ ಚುರುಕಾಯಿತು, ಜೋಡಿಗಳು ಹಾಗೇ ಇವೆ ಎನ್ನುತ್ತದೆ. ಅದಕ್ಕೆ ಪಾರ್ ಅನ್ನು ಪೂರ್ತಿ ಕೈಬಿಡಬಾರದು. ತಿಂಗಳಿಗೊಮ್ಮೆ ಎರಡೂ ದಾರಿಯ ವ್ಯತ್ಯಾಸ ಹೋಲಿಸಿ. ಎಲ್ಲ ಕರೆಗಳಲ್ಲೂ ಪಾರ್ ವಿಧಾನ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಬದಲಾದದ್ದು ಕರೆಗಳಲ್ಲ, ಕೋಣಗಳು.

ಇನ್ನೂ ಏನೇನು ಸೇರಿಸಬಹುದು

ಅಮೆರಿಕದ ಲೆನ್ ರಾಗೊಜಿನ್ ಕುದುರೆ ರೇಸಿಗೆ ಕಟ್ಟಿದ ಶೀಟ್ಸ್ ಎಂಬ ವೇಗಾಂಕ ಪದ್ಧತಿಯಲ್ಲಿ ಕುದುರೆ ಹೊತ್ತ ತೂಕ, ತಿರುವಿನಲ್ಲಿ ಸುತ್ತಿಬಂದ ದೂರ, ಗಾಳಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 1948ರಲ್ಲಿ ಫಿಲ್ ಬುಲ್ ಬ್ರಿಟನ್ನಿನಲ್ಲಿ ಶುರುಮಾಡಿದ ಟೈಮ್‌ಫಾರ್ಮ್ ಕೂಡ ತೂಕವನ್ನು ಸೇರಿಸಿ ಪೌಂಡಿನಲ್ಲಿ ಅಂಕ ಕೊಡುತ್ತದೆ. ನಮ್ಮ ಕರೆ ನೇರ, ತಿರುವಿಲ್ಲ. ಕೋಣದ ಮೇಲೆ ಯಾರೂ ಕೂರುವುದಿಲ್ಲ. ಆ ತಲೆನೋವು ಇಲ್ಲ.

ನಮಗೆ ಬೇಕಾದದ್ದು ಓಟಗಾರನ ಲೆಕ್ಕ. ಒಬ್ಬ ಓಟಗಾರ ಒಂದೇ ದಿನ ಬೇರೆಬೇರೆ ವಿಭಾಗಗಳಲ್ಲಿ ಓಡಿಸುತ್ತಾನೆ. ರಾತ್ರಿಯ ಹೊತ್ತಿಗೆ ದಣಿದಿರುತ್ತಾನೆ. ಓಟಗಾರ ಬದಲಾದ ದಿನದ ವೇಗಾಂಕದ ಪಕ್ಕ ಒಂದು ಗುರುತು ಹಾಕಿ. ಎಡದ ಕೋಣವೋ ಬಲದ ಕೋಣವೋ ಬದಲಾಗಿದ್ದರೆ ಅದು ಹೊಸ ಜೋಡಿ ಎಂದೇ ತಿಳಿಯಿರಿ. ಯಜಮಾನರ ಹೆಸರು ಅದೇ ಇದ್ದರೂ ಹಳೆಯ ಅಂಕ ತರಬೇಡಿ. ಇಷ್ಟಕ್ಕೆಲ್ಲ ಅಂಕ ಕೂಡಿಸಿ ಕಳೆಯಲು ಹೋಗಬೇಡಿ, ಗುರುತು ಸಾಕು.

ಸೋತ ಜೋಡಿಯ ಸಮಯ ಸಿಗದಿದ್ದರೆ ವಿಡಿಯೋದಲ್ಲಿ ಅಂತರ ಅಂದಾಜು ಮಾಡಿ. ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಒಂದು ಮೀಟರ್ ಹಿಂದೆ ಬಿದ್ದರೆ ಸುಮಾರು 0.09 ಸೆಕೆಂಡು.

ಯಾವ ವಿಧಾನ ಸರಿ ಎಂದು ಪರೀಕ್ಷಿಸುವುದು

ನಾನು ಹೇಳಿದೆನೆಂದು ಒಪ್ಪಬೇಡಿ. ನಾಲ್ಕೂ ಲೆಕ್ಕಗಳನ್ನು ಪಕ್ಕಪಕ್ಕದ ಕಾಲಂಗಳಲ್ಲಿ ಹಾಕಿ: ನೂರು ಮೀಟರಿನದು, ದಾಖಲೆಯದು, ಪಾರ್, ಪ್ರೊಜೆಕ್ಷನ್. ಆಮೇಲೆ ಮುಂದಿನ ವಾರದ ಎದುರುಬದುರು ಓಟಗಳನ್ನು ತೆಗೆದುಕೊಳ್ಳಿ. ಯಾವ ಕಾಲಂನಲ್ಲಿ ಮುಂದಿದ್ದ ಜೋಡಿ ಜಾಸ್ತಿ ಸಲ ಗೆದ್ದಿತು ಎಂದು ಎಣಿಸಿ. ಈ ವಾರದ ಅಂಕ ಕಟ್ಟಲು ಬಳಸಿದ ಓಟಗಳನ್ನೇ ಈ ಪರೀಕ್ಷೆಗೆ ಬಳಸಬಾರದು. ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪರೀಕ್ಷೆ ಬರೆದ ಹಾಗಾಗುತ್ತದೆ.

ಹಿಂದಕ್ಕೆ ಹೋಗಿ ತಿದ್ದಿದ ಅಂಕಗಳನ್ನೂ ಈ ಪರೀಕ್ಷೆಗೆ ತರಬೇಡಿ. ಆ ದಿನ ನಿಮ್ಮ ಕೈಯಲ್ಲಿ ಇದ್ದ ಅಂಕವನ್ನೇ ಹಿಡಿಯಿರಿ. ಎರಡು ಜೋಡಿಗಳ ನಡುವೆ ಐದು ಅಂಕಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಆ ಓಟವನ್ನು ಎಣಿಕೆಯಿಂದ ಬಿಡಿ. 12 ಸೆಕೆಂಡಿನ ಕರೆಯಲ್ಲಿ ಐದು ಅಂಕ ಎಂದರೆ 0.06 ಸೆಕೆಂಡು. ಅಷ್ಟನ್ನು ಒಂದು ಅಡ್ಡ ಹೆಜ್ಜೆ ನುಂಗಿಬಿಡುತ್ತದೆ.

ಕೊನೆಗೆ ಯಜಮಾನರಿಗೆ ಒಂದು ಮಾತು. ನಿಮ್ಮ ಜೋಡಿಯ ವೇಗಾಂಕ ಒಂದು ವಾರ ಬಿದ್ದರೆ ಗಾಬರಿ ಬೇಡ. ಸತತ ಮೂರು ಕಂಬಳಗಳಲ್ಲಿ ಇಳಿಯುತ್ತಾ ಬಂದರೆ, ಸಮಯ ಚೆನ್ನಾಗಿ ಕಾಣುತ್ತಿದ್ದರೂ ಕೋಣದ ಮೇವು, ಕಾಲು, ಗೊರಸು ನೋಡಿ, ಪಶುವೈದ್ಯರನ್ನು ಕರೆಸಿ. ಒಂದೆರಡು ವಾರ ಮನೆಯಲ್ಲೇ ಇರಲಿ. ಮತ್ತೆ ಕರೆಗೆ ಇಳಿಸಿದ ದಿನದ ಅಂಕವನ್ನು ಹೊಸ ಸಾಲಿನಲ್ಲಿ, ವಿಶ್ರಾಂತಿಯ ನಂತರ ಎಂದು ಗುರುತು ಹಾಕಿ ಬರೆಯಿರಿ.